ಅಜ್ಜಿಯ ಉಪ್ಪು, ಯಲ್ಲಮ್ಮನ ಎಂಚಿಲಾಡ

ನಮ್ಮ ಮನೆಯಲ್ಲಿ ಉಪ್ಪು ಹಾಕುವ ಅಧಿಕಾರ ಇದ್ದದ್ದು ಅಜ್ಜಿ ಒಬ್ಬಳಿಗೇ. ಬೇಯಿಸುವುದು ಅಮ್ಮ, ರುಬ್ಬುವುದು ಅಮ್ಮ, ಒಲೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳುವುದು ಅಮ್ಮ. ಸಾರು ಕುದಿ ಬಂದ ಮೇಲೆ ಅಜ್ಜಿ ಒಳಗೆ ಬಂದು, ಗೋಡೆಯ ಗೂಡಿನಲ್ಲಿದ್ದ ಮರದ ಮರಿಗೆಗೆ ಕೈಯಿಟ್ಟು, ಒಂದು ಹಿಡಿ ಕಲ್ಲುಪ್ಪು ತೆಗೆದು, ಪಾತ್ರೆಯ ಮೇಲೆ ಒಂದು ಸುತ್ತು ಕೈಯಾಡಿಸಿ ಬಿಡಬೇಕು. ಅಲ್ಲಿಯವರೆಗೆ ಯಾರಿಗೂ ಊಟವಿಲ್ಲ. ಅಜ್ಜಿ ಬಚ್ಚಲಲ್ಲಿದ್ದರೆ ಕಾಯಬೇಕು. ಪಕ್ಕದ ಮನೆಯ ಜಗಲಿಯಲ್ಲಿ ಮಾತಿಗೆ ಕೂತಿದ್ದರೆ ನಾನು ಓಡಿಹೋಗಿ ಕರೆಯಬೇಕು. ಕರೆದರೆ "ಬತ್ತೀನಿ ಹೋಗೇ" ಎಂದು ಗದರಿಸಿ, ಹಿಡಿದ ಮಾತನ್ನು ಮುಗಿಸಿಯೇ ಏಳುತ್ತಿದ್ದಳು. ತಡವಾಗಿ ಹೋದದ್ದಕ್ಕೆ ನಾನು ಶಾಲೆಯಲ್ಲಿ ತಿಂದ ಏಟುಗಳಲ್ಲಿ ಅರ್ಧ ಈ ಉಪ್ಪಿನ ದೆಸೆಯಿಂದ ತಿಂದದ್ದು. ಹೋಗಲಿ, ಹಾಕಿದ ಮೇಲೆ ರುಚಿ ನೋಡಬಹುದೇ ಎಂದರೆ ಅದೂ ಇಲ್ಲ. ಒಲೆಯ ಮೇಲಿದ್ದದ್ದನ್ನು ನಾಲಗೆಗೆ ತಾಗಿಸಿದರೆ ಪಾತ್ರೆಯಷ್ಟೂ ಎಂಜಲು. ಅಜ್ಜಿಯ ಕೈಯಳತೆಯೇ ಅಳತೆ. ಎಲೆಗೆ ಬಿದ್ದ ಮೇಲೆ ಹೇಗಿದ್ದರೂ ಉಣ್ಣಬೇಕು.

ಈ ಅಧಿಕಾರ ಅಜ್ಜಿಗೂ ಸುಮ್ಮನೆ ಬಂದದ್ದಲ್ಲ. ಅವಳ ಅತ್ತೆ ಸಾಯುವ ತನಕ ಮರಿಗೆಯನ್ನು ಬಿಟ್ಟುಕೊಟ್ಟಿರಲಿಲ್ಲವಂತೆ. ವೈ.ಎನ್.ಹೊಸಕೋಟೆಯ ಕಡೆಯಿಂದ ಲಂಗ ಉಡುವ ವಯಸ್ಸಿನಲ್ಲಿ ಸೊಸೆಯಾಗಿ ಬಂದವಳು ತಲೆ ಅರ್ಧ ನರೆತ ಮೇಲೆ ಮೊದಲ ಸಲ ತನ್ನ ಕೈಯಿಂದ ಸಾರಿಗೆ ಉಪ್ಪು ಹಾಕಿದಳಂತೆ. ಆ ದಿನದ ಕಥೆಯನ್ನು ನಾವು ಕೇಳಿ ಕೇಳಿ ಬಾಯಿಪಾಠ ಮಾಡಿಬಿಟ್ಟಿದ್ದೆವು. ಹುರುಳಿಕಾಳಿನ ಬಸ್ಸಾರು, ಮನೆ ತುಂಬ ನೆಂಟರು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡರಂತೆ. ಅಮ್ಮನೂ ಹಾಗೆಯೇ ಕಾಯಬೇಕು ಎನ್ನುವುದು ಯಾರೂ ಬಾಯಿಬಿಟ್ಟು ಹೇಳದ ಕಾನೂನು. ಶಿರಾದ ಆ ಮನೆಯ ಅಡಿಗೆಯನ್ನೆಲ್ಲ ಒಬ್ಬಳೇ ತೂಗಿಸುತ್ತಿದ್ದ ಅಮ್ಮ, ಧೂಳು ಒರೆಸುವುದಕ್ಕೆ ಬಿಟ್ಟರೆ ಆ ಮರಿಗೆಯನ್ನು ಮುಟ್ಟುತ್ತಲೇ ಇರಲಿಲ್ಲ.

ನಾನು ಮಿಡ್ಲ್ ಸ್ಕೂಲಿಗೆ ಸೇರಿದ ವರ್ಷ ಸಾರು ಉಪ್ಪಾಗತೊಡಗಿತು. ಮೊದಲು ಎಂದೋ ಒಂದು ದಿನ, ಆಮೇಲೆ ವಾರಕ್ಕೆರಡು ದಿನ, ಆಮೇಲೆ ದಿನಾ. ದೀಪಾವಳಿಯ ಹೊತ್ತಿಗೆ ಮುದ್ದೆಯ ತುತ್ತನ್ನು ಸಾರಿಗೆ ಅದ್ದುವುದಕ್ಕೇ ಕೈ ಹಿಂಜರಿಯುತ್ತಿತ್ತು. ಅಜ್ಜಿ ಬೆನ್ನು ತಿರುಗಿಸಿದ ಕೂಡಲೇ ಅಮ್ಮ ಸಾರಿಗೆ ಒಂದು ಚೊಂಬು ನೀರು ಹುಯ್ಯುತ್ತಿದ್ದಳು, ನಿಂಬೆಹಣ್ಣು ಹಿಂಡುತ್ತಿದ್ದಳು, ರಾಗಿಹಿಟ್ಟಿನ ಉಂಡೆ ಕಟ್ಟಿ ಸಾರಿನೊಳಗೆ ಮುಳುಗಿಸಿ ಉಪ್ಪು ಹೀರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಶಾಲೆಯಲ್ಲಿ ಗಂಟೆಗೊಂದು ಸಲ ನೀರಿಗೆಂದು ಎದ್ದು ಹೋಗುತ್ತಿದ್ದ ನನ್ನನ್ನು ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿದರು. ಮನೆಯಲ್ಲಿ ಅಜ್ಜಿ ಮಾತ್ರ ದಿನವೂ, ಒಂದೇ ಒಂದು ದಿನ ತಪ್ಪಿಸದೆ, ಎಲೆಯ ಮುಂದೆ ಕೂತು ಎಲ್ಲರ ಮುಖ ನೋಡಿ ಕೇಳುತ್ತಿದ್ದಳು.

"ಹೆಂಗೈತೆ?"

"ಚೆನ್ನಾಗೈತವ್ವ," ಎನ್ನುತ್ತಿದ್ದ ಅಪ್ಪ.

ಅಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಒದೆಯುವ ಎತ್ತಿನ ದವಡೆ ಬಿಡಿಸಿ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವ ಮನುಷ್ಯ, ತನ್ನ ಅವ್ವನಿಗೆ ಸಾರು ಉಪ್ಪಾಗಿದೆ ಎಂದು ಹೇಳಲಾರ. ನನಗೆ ಅವನ ಮೇಲೆ ಬರುತ್ತಿದ್ದ ಕೋಪ ಅಷ್ಟಿಷ್ಟಲ್ಲ. ಒಂದು ದಿನ ಹಿತ್ತಿಲಲ್ಲಿ ಹಿಡಿದು ನಿಲ್ಲಿಸಿ ಕೇಳಿಯೇಬಿಟ್ಟೆ.

"ಅಪ್ಪ, ಅಜ್ಜಿಗೆ ಹೇಳಪ್ಪ. ಗಂಟಲು ಉರೀತೈತೆ."

"ಸುಮ್ಕಿರೇ. ವಯಸ್ಸಾದೋರು, ಮನಸ್ಸಿಗೆ ನೋವಾಯ್ತದೆ."

"ನಮ್ಮ ನಾಲಗೆಗೆ ನೋವಾಗಲ್ವಾ?"

"ಮಜ್ಜಿಗೆ ಕುಡಿ ಹೋಗು."

ಅಮ್ಮನನ್ನು ಕೇಳಿದರೆ ಅವಳದು ಬೇರೆ ಹಾಡು. "ನಾನೇಳಿದ್ರೆ ಮರಿಗೆ ಕಿತ್ಕಳಕ್ಕೆ ಹೊಂಚಾಕ್ತಾವ್ಳೆ ಅಂತಾರೆ ಕಣೇ. ಹೆತ್ತ ಮಗ ಹೇಳ್ಬೇಕು." ಹೋಗಲಿ, ನಾನು ಹೇಳುತ್ತೇನೆ ಎಂದರೆ, "ನೀನೇಳಿದ್ರೂ ನಾನೇ ಹೇಳ್ಕೊಟ್ಟೆ ಅಂತಾರೆ" ಎಂದು ನನ್ನ ಬಾಯಿಗೂ ಬೀಗ. ಹೀಗೆ ಒಬ್ಬರನ್ನೊಬ್ಬರು ತೋರಿಸಿಕೊಂಡು, ಮೂವರೂ ಲೋಟಗಟ್ಟಲೆ ನೀರು ಕುಡಿದುಕೊಂಡು, ಒಂದು ವರ್ಷ ಕಳೆದೆವು. ಬೇರೆಯವರನ್ನು ಹೇಡಿಗಳೆಂದು ಬೈಯುತ್ತಿದ್ದ ನಾನೂ, ಅಜ್ಜಿ ನನ್ನ ಕಡೆ ತಿರುಗಿ "ಹೆಂಗೈತೇ?" ಎಂದಾಗ ತಲೆ ತಗ್ಗಿಸಿ "ಊಂ" ಎನ್ನುತ್ತಿದ್ದೆ. ಅದನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಉಳಿದದ್ದನ್ನು ಬರೆಯುವ ಯೋಗ್ಯತೆ ನನಗಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಮನೆಗೆ ಎಲೆನಾ ಬಂದಳು. ಹಳ್ಳಿಯವರಿಗೆ ಫಾರಂ ಕೋಳಿ ಸಾಕುವುದನ್ನು ಕಲಿಸಲೆಂದು ಅಮೆರಿಕದಿಂದ ಬಂದಿದ್ದ ಹುಡುಗಿ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ವಾಸ. ಬೆಳಿಗ್ಗೆ ಬಸ್ಸು ಹತ್ತಿ ಬರಗೂರಿನ ಕಡೆಗೋ ಮತ್ತೆಲ್ಲಿಗೋ ಹೋಗಿ, ಬಿಳಿ ಕೋಳಿಗಳ ಬಗ್ಗೆ ಮಾತಾಡಿ, ಸಂಜೆ ಧೂಳು ಹೊತ್ತುಕೊಂಡು ಬರುತ್ತಿದ್ದಳು. ಅಪ್ಪ ಅವಳನ್ನು ಒಂದೆರಡು ಸಲ ಕಾಫಿಗೆ ಕರೆತಂದ, ಆಮೇಲೆ ಅವಳೇ ಬರತೊಡಗಿದಳು. ಅವಳ ಹೆಸರು ಅಜ್ಜಿಯ ಬಾಯಿಗೆ ಹೊರಳದೆ ಯಲ್ಲಮ್ಮ ಎಂದಾಯಿತು. ಅವಳು ಅದಕ್ಕೂ ಓಗೊಟ್ಟಳು. ಕನ್ನಡವನ್ನು ಪುಸ್ತಕದಿಂದ ಕಲಿತವಳಾದ್ದರಿಂದ ನಮ್ಮ ಪಾಠದ ಪುಸ್ತಕವೇ ಎದ್ದು ಬಂದು ಕಾಫಿ ಕುಡಿಯುತ್ತಿದೆಯೇನೋ ಅನ್ನಿಸುತ್ತಿತ್ತು. ಅವಳ ಅಜ್ಜಿಯೂ ನಮ್ಮ ಅಜ್ಜಿಯ ಹಾಗೆ ಎರಡು ಭಾಷೆಯವಳಂತೆ, ಮೆಕ್ಸಿಕೋ ಗಡಿಯ ಕಡೆಯವಳು, ಸಿಟ್ಟು ಬಂದರೆ ಸ್ಪ್ಯಾನಿಷ್ ಮಾತಾಡುತ್ತಿದ್ದಳಂತೆ. ನಮ್ಮಜ್ಜಿಗೆ ಸಿಟ್ಟು ಬಂದರೆ ತೆಲುಗು. ಅದನ್ನು ಕೇಳಿದ ಮೇಲೆ ಅಜ್ಜಿಗೆ ಆ ಹುಡುಗಿಯೆಂದರೆ ಪ್ರಾಣ.

ಒಂದು ಸಂಜೆ ಎಲೆನಾ ಲೋಟ ಕೆಳಗಿಟ್ಟು ಹೇಳಿದಳು. "ನಾನು ತಮ್ಮ ಮನೆಯಲ್ಲಿ ಬಹಳ ಕಾಫಿ ಕುಡಿದಿದ್ದೇನೆ. ಬರುವ ಭಾನುವಾರ ನಾನು ಇಲ್ಲಿ ಅಡುಗೆ ಮಾಡುತ್ತೇನೆ. ನನ್ನ ಅಜ್ಜಿ ಮಾಡುವ ಕೋಳಿಯ ಎಂಚಿಲಾಡ. ರೊಟ್ಟಿಯೊಳಗೆ ಕೋಳಿಯನ್ನು ಸುತ್ತಿ, ಮೇಲೆ ಸ್ಪ್ಯಾನಿಷ್ ಸಾಸ್ ಸುರಿದು, ಭಟ್ಟಿಯಲ್ಲಿ ಬೇಯಿಸುತ್ತಾರೆ."

ಅವಳು ಬಾಗಿಲು ದಾಟಿದ್ದೇ ತಡ, ಅಪ್ಪನ ಮುಖದಲ್ಲಿ ಬೆವರು. ಅವಳು ಅದುವರೆಗೆ ನಮ್ಮಲ್ಲಿ ಉಂಡಿರಲಿಲ್ಲ, ಕಾಫಿಗೆ ಉಪ್ಪಿನ ಸೋಂಕಿಲ್ಲ. ಪರದೇಶದ ಹುಡುಗಿ ಬಾಯಿಗಿಟ್ಟು ಉಗುಳಿದರೆ? ಅವ್ವನ ಎದುರಿಗೇ ಏನಾದರೂ ಅಂದುಬಿಟ್ಟರೆ? ಅಂದೇ ಅಜ್ಜಿಯ ಬಳಿ ಕೂತು, ಜೇನು ಸುರಿಸಿಕೊಂಡು ಶುರು ಮಾಡಿದ.

"ಅವ್ವ, ಬರಗೂರಿಗೋಗಿ ಚಿಕ್ಕವ್ವನ್ನ ನೋಡ್ಕೊಂಡು ಬರ್ಬೋದಿತ್ತಲ್ಲ. ಭಾನುವಾರ ನಾನೇ ಬಸ್ ಹತ್ತಿಸ್ತೀನಿ."

"ಏಮಿರಾ, ಬುದ್ಧಿ ನೆಟ್ಟಗೈತೇನ್ಲಾ? ದೂರದ ಹೆಣ್ಮಗು ಮನೆಗೆ ಬಂದು ಅಡಿಗೆ ಮಾಡ್ತೀನಿ ಅಂತಾಳೆ, ಮನೆ ಯಜಮಾನ್ತಿ ನಾನು ಊರು ಬುಟ್ಟೋಗ್ಲಾ?"

ಅಲ್ಲಿಗೆ ಅಪ್ಪನ ಉಪಾಯ ಮುಗಿಯಿತು. ಇನ್ನೊಂದು ಹೂಡುವಷ್ಟು ತಲೆ ಅವನಿಗಿರಲಿಲ್ಲ. "ಅವ್ವ ಉಪ್ಪಿಗೆ ಬರೋ ಮುಂಚೆ ಎಲ್ಲಾನೂ ಬೇಕರಿ ಭಟ್ಟಿಗೆ ಕಳ್ಸಿಬುಡು" ಎಂದು ಅಮ್ಮನಿಗೆ ಹೇಳಿ ಕೈತೊಳೆದುಕೊಂಡ. ಯಾವುದೇ ಕಷ್ಟವನ್ನು ಅಡಿಗೆಮನೆಗೆ ದಾಟಿಸಿ ತಾನು ಜಗಲಿಗೆ ಹೋಗಿ ಕೂರುವುದು ಅವನ ಜಾಯಮಾನ.

ಭಾನುವಾರ ಬೆಳಿಗ್ಗೆಯೇ ಎಲೆನಾ ಬಂದಳು. ಒಂದು ಕೈಯಲ್ಲಿ ಬೆಂಗಳೂರಿನಿಂದ ತರಿಸಿದ ಚೀಸಿನ ಡಬ್ಬ, ಇನ್ನೊಂದರಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಬಿಳಿ ಕೋಳಿ. ಫಾರಂ ಕೋಳಿಯೂ ತಿನ್ನಲು ಯೋಗ್ಯ ಎಂದು ನಮಗೆ ಸಾಧಿಸಿ ತೋರಿಸುವ ಹಟ ಅವಳದು. "ಇದನ್ನ ತಿನ್ನಾದು ಒಂದೇ, ಹತ್ತಿ ತಿನ್ನಾದು ಒಂದೇ," ಎಂದು ಅಜ್ಜಿ ಮೂಗು ಮುರಿದಳು. ಅದನ್ನು ಬೇಯಿಸಿ, ಮೂಳೆಯನ್ನೆಲ್ಲ ಕಿತ್ತೆಸೆದು, ಮಾಂಸವನ್ನು ನೂಲಿನಂತೆ ಎಳೆ ಎಳೆ ಬಿಡಿಸಬೇಕು ಎಂದಾಗಂತೂ ಅಜ್ಜಿಗೆ ತಡೆಯಲಾಗಲಿಲ್ಲ. "ಮೂಳೆ ಇಲ್ದಿರೋ ಕೋಳಿ ತಿನ್ನಕ್ಕೆ ನಮಗೇನು ಹಲ್ಲಿಲ್ವೇ?" ಅವಳ ಬಾಯಲ್ಲಿದ್ದದ್ದು ಐದೋ ಆರೋ. ರೊಟ್ಟಿಗೆ ಮುಸುಕಿನ ಜೋಳದ ಹಿಟ್ಟೇ ಆಗಬೇಕು ಎಂದು ಎಲೆನಾ, ಅದು ಪೇಟೆಯಲ್ಲೆಲ್ಲೂ ಸಿಗಲಿಲ್ಲ ಎಂದು ಅಮ್ಮ. ಕೊನೆಗೆ ಗೋಧಿಯ ಚಪಾತಿಯೇ ಗತಿಯಾಯಿತು. ಸಾಸಿಗೆಂದು ಒಣಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಟೊಮೇಟೊವನ್ನು ಕೆಂಡದ ಮೇಲೆ ಸುಟ್ಟು ಸಿಪ್ಪೆ ತೆಗೆದು, ಈರುಳ್ಳಿ ಬೆಳ್ಳುಳ್ಳಿ ಜೀರಿಗೆ ಸೇರಿಸಿ ನುಣ್ಣಗೆ ರುಬ್ಬಬೇಕು. ರುಬ್ಬುವವರು ಯಾರು? ಅಮ್ಮನೇ. ಎಲೆನಾ ಒರಳಿನ ಮುಂದೆ ಐದು ನಿಮಿಷ ಕೂತು ಬೆರಳು ಜಜ್ಜಿಕೊಂಡು ಎದ್ದಳು. ಕೊತ್ತಂಬರಿ ಬೀಜವಿಲ್ಲ, ಕಾಯಿಯಿಲ್ಲ, ಇದು ಸಾರೋ ಗೊಜ್ಜೋ ಎಂದು ಅಜ್ಜಿಯ ತಕರಾರು ಒಂದೇ ಸಮನೆ ನಡೆದಿತ್ತು. ಆ ಚಿಕ್ಕ ಅಡಿಗೆಮನೆಯಲ್ಲಿ ಹೊಗೆ, ಮೆಣಸಿನ ಘಾಟು, ಎರಡು ಭಾಷೆಯ ಜಗಳ. ಸಾಸು ಇಷ್ಟು ಕೆಲಸದ್ದೆಂದು ಮೊದಲೇ ಗೊತ್ತಿದ್ದರೆ ನಾನೇ ಬರಗೂರಿನ ಬಸ್ಸು ಹತ್ತುತ್ತಿದ್ದೆ.

ಅಜ್ಜಿ ಒಂದು ಗಳಿಗೆಯೂ ಅಲ್ಲಿಂದ ಕದಲಲಿಲ್ಲ. ಕೋಳಿ ಬೇಯಲು ಇಟ್ಟ ನೀರಿಗೆ, ಎಲೆನಾ ಕೈ ತೊಳೆಯಲು ಬಚ್ಚಲಿಗೆ ಹೋದಾಗ, ಒಂದು ಹಿಡಿ ಬಿತ್ತು. ಅಮ್ಮ ಕಲಸುತ್ತಿದ್ದ ಗೋಧಿಹಿಟ್ಟಿಗೆ ಒಂದು ಚಿಟಿಕೆ ಎಂದು ಇನ್ನೊಂದು ಹಿಡಿ ಬಿತ್ತು. ಸಾಸು ಬಾಣಲೆಯಲ್ಲಿ ಕೊತಕೊತ ಕುದಿಯತೊಡಗಿದಾಗ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮರಿಗೆಯ ಕಡೆ ಹೊರಟಳು. ನಾನು ಎಲೆನಾಳ ಲಂಗ ಹಿಡಿದು ಜಗ್ಗಿದೆ.

"ಅಜ್ಜಿಯವರೇ, ಬೇಡ," ಎಂದಳು ಎಲೆನಾ. "ಚೀಸಿನಲ್ಲಿ ಉಪ್ಪು ಇದೆ. ಅಷ್ಟು ಸಾಕು."

"ಡಬ್ಬೀಲಿರೋದು ಅವರುಪ್ಪು ಕಣಮ್ಮ. ಈ ಒಲೆ ಮೇಲೆ ಬೇಯೋದಕ್ಕೆ ಈ ಮನೆ ಉಪ್ಪು ಬೀಳ್ಬೇಕು."

ಇದೇನೋ ಪೂಜೆಯೋ ಶಾಸ್ತ್ರವೋ ಇರಬೇಕು ಎಂದುಕೊಂಡು ಆ ಪುಣ್ಯಾತ್ಗಿತ್ತಿ ಕೈಮುಗಿದು ಪಕ್ಕಕ್ಕೆ ಸರಿದು ನಿಂತಳು! ಅಜ್ಜಿಯ ಕೈ ಬಾಣಲೆಯ ಮೇಲೆ ಒಂದು ಸುತ್ತು ಬಂತು. ಆಮೇಲೆ ಎಲೆನಾ ಚಮಚದಲ್ಲಿ ತುಸು ಸಾಸು ತೆಗೆದು ಬಾಯಿಗೆ ಒಯ್ದಳು. ಅದೊಂದಾದರೂ ನಡೆದಿದ್ದರೆ ಎಲ್ಲ ತಿಳಿಯಾಗುತ್ತಿತ್ತು. "ಅಯ್ಯೋ, ಎಂಜ್ಲು! ಎಂಜ್ಲಾಯ್ತದೆ!" ಎಂದು ಅಜ್ಜಿ ಕೂಗಿದ ರಭಸಕ್ಕೆ ಚಮಚ ಅಲ್ಲೇ ನಿಂತಿತು. ಎಲೆನಾ ಕ್ಷಮೆ ಕೇಳಿ ಅದನ್ನು ಕೆಳಗಿಟ್ಟಳು. ನಾನು ಅಮ್ಮನನ್ನು ನೋಡಿದೆ. ಅಮ್ಮ ಒಲೆಯನ್ನು ನೋಡುತ್ತಿದ್ದಳು.

ಚಪಾತಿಗಳನ್ನು ಎಣ್ಣೆಯಲ್ಲಿ ತಿರುವಿ, ಸಾಸಿನಲ್ಲಿ ಅದ್ದಿ, ಒಳಗೆ ಕೋಳಿಯ ಎಳೆಗಳನ್ನಿಟ್ಟು ಸುರುಳಿ ಸುತ್ತಿ, ತಗಡಿನ ತಟ್ಟೆಯಲ್ಲಿ ಒತ್ತಾಗಿ ಜೋಡಿಸಿ, ಮೇಲೆ ಉಳಿದ ಸಾಸು ಸುರಿದು, ಅದರ ಮೇಲೆ ಚೀಸನ್ನು ತುರಿದು ಉದುರಿಸಿದ್ದಾಯಿತು. ಇನ್ನು ಭಟ್ಟಿ. ನಮ್ಮ ಬೀದಿಯ ತುದಿಯಲ್ಲಿ ಖಾದರ್ ಸಾಬರ ಬೇಕರಿಯಿತ್ತು. ಬನ್ನು ಬ್ರೆಡ್ಡು ತೆಗೆದ ಮೇಲೂ ಭಟ್ಟಿಯಲ್ಲಿ ಕಾವಿರುತ್ತಿತ್ತು. ಬಟ್ಟೆ ಮುಚ್ಚಿದ ತಟ್ಟೆಯನ್ನು ಅಮ್ಮನೂ ನಾನೂ ಆಚೆ ಈಚೆ ಹಿಡಿದುಕೊಂಡು ಹೋದೆವು. ಸಾಬರು ಬಟ್ಟೆ ಸರಿಸಿ ಮೂಸಿ ನೋಡಿದರು.

"ಅರೆ, ವಾಸ್ನೆ ಬಹುತ್ ಚೆನ್ನಾಗಿ ಬರ್ತಾ ಐತೆ ಕಣಮ್ಮ. ಯಾರದು ಕೈಗುಣ?"

ಅಮ್ಮ ಬಟ್ಟೆಯನ್ನು ಮತ್ತೆ ಎಳೆದು ಮುಚ್ಚಿದಳು. ಭಟ್ಟಿಯ ಮುಂದೆ ಕಾಯುವಾಗ, ನನಗೆ ಕೇಳಿಸುವಷ್ಟೇ ಮೆಲ್ಲಗೆ, "ದೇವ್ರೇ, ಆ ಹುಡ್ಗಿ ಏನೂ ಅನ್ದಂಗೆ ಮಾಡಪ್ಪ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಅನ್ನಲಿ ಎಂದೇ ನನ್ನ ಹರಕೆ.

ಮಧ್ಯಾಹ್ನ ಮುತ್ತುಗದ ಎಲೆ ಹಾಕಿ ಎಲ್ಲರೂ ಕೂತೆವು. ಬಡಿಸುವುದಕ್ಕೆಂದು ಅಮ್ಮ ಮಾತ್ರ ನಿಂತಿದ್ದಳು. ಕೆಂಪಗೆ, ಮೇಲೆ ಹಳದಿಯ ಕೆನೆ ಕಟ್ಟಿ, ನೋಡಲು ಎಷ್ಟು ಚೆಂದವಿತ್ತೆಂದರೆ ಅಷ್ಟು ಗೊತ್ತಿದ್ದೂ ನನ್ನ ಬಾಯಲ್ಲಿ ನೀರೂರಿತು. ಮೊದಲ ತುತ್ತಿಗೇ ಕಣ್ಣಲ್ಲೂ ಊರಿತು. ಅಂಥ ಉಪ್ಪನ್ನು ನಾನು ಆ ಒಂದು ವರ್ಷದಲ್ಲೂ ಕಂಡಿರಲಿಲ್ಲ. ಅಪ್ಪ ತಲೆ ಬಗ್ಗಿಸಿ ಅಗಿಯದೆ ನುಂಗುತ್ತಿದ್ದ. ಅಜ್ಜಿ ನಿಧಾನವಾಗಿ ಅಗಿಯುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಹೆಂಗೈತೆ?"

"ಚೆನ್ನಾಗೈತವ್ವ," ಎಂದ ಅಪ್ಪ. ಅವನ ಕಿವಿ ಕೆಂಪಾಗಿತ್ತು.

"ನಿಂಗೆ ಹೆಂಗೈತೆ ಯಲ್ಲಮ್ಮ?"

ಎಲೆನಾ ಒಂದು ಲೋಟ ನೀರು ಪೂರ್ತಿ ಕುಡಿದಳು. ಲೋಟವನ್ನು ಕೆಳಗಿಟ್ಟು, ಪದಗಳನ್ನು ಹುಡುಕಿ ಜೋಡಿಸಿಕೊಂಡಳು.

"ಅಜ್ಜಿಯವರೇ, ಕ್ಷಮಿಸಬೇಕು. ಇದರಲ್ಲಿ ಉಪ್ಪು ಬಹಳ ಅಧಿಕವಾಗಿದೆ. ತಿನ್ನಲು ಸಾಧ್ಯವಿಲ್ಲ."

ಅಪ್ಪನ ಕೈ ಎಲೆಯ ಮೇಲೆಯೇ ನಿಂತಿತು. ಒಂದು ವರ್ಷದಿಂದ ಮೂರು ಜನರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಆ ಹುಡುಗಿ ಎಷ್ಟು ಸಲೀಸಾಗಿ ಆಡಿಬಿಟ್ಟಳು. ನಾನು ಉಸಿರು ಬಿಟ್ಟೆ. ಬಿಟ್ಟೆನೋ ಇಲ್ಲವೋ, ಅಮ್ಮ ಬಾಯಿ ತೆಗೆದಳು.

"ನಾನೇ ಅತ್ತೆ. ನೀವು ಹಾಕಿದ್ದು ಮರ್ತೋಗಿ ನಾನೇ ಇನ್ನೊಂದ್ಸಲ ಹಾಕ್ಬುಟ್ಟೆ."

ಆ ಕ್ಷಣ ಅಮ್ಮನ ಮೇಲೆ ಬಂದಷ್ಟು ಸಿಟ್ಟು ನನಗೆ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಮುಟ್ಟದ ಮರಿಗೆಯನ್ನು ಮುಟ್ಟಿದೆ ಎಂದು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ. ಇನ್ನು ಮತ್ತೆ ಅದೇ ಸಾರು, ಅದೇ ನೀರು. ಎಲೆ ಬಿಟ್ಟು ಎದ್ದುಹೋಗೋಣ ಎಂದು ಕಾಲು ಮಡಚಿದೆ. ಅಷ್ಟರಲ್ಲಿ ಅಜ್ಜಿ ಮಾತಾಡಿದಳು. ಕೂಗಲಿಲ್ಲ, ತೆಲುಗಿಗೂ ಹೋಗಲಿಲ್ಲ.

"ಸುಳ್ಳು ಬೊಗಳ್ಬೇಡ ಕಣೇ ಗೌರಿ. ನಿನ್ ಕೈ ಆ ಮರಿಗೆಗೆ ಹೋಗಿಲ್ಲ, ನಂಗೊತ್ತಿಲ್ವಾ? ನನ್ ನಾಲಗೆ ಸತ್ತು ವರ್ಷ ಆಯ್ತು. ಬೆಲ್ಲಾನೂ ಒಂದೇ ಬೂದೀನೂ ಒಂದೇ. ಮೊದ್ಮೊದ್ಲು ಗೊತ್ತಾಗ್ದೆ ಹಾಕ್ದೆ. ಆಮೇಲಾಮೇಲೆ ಬೇಕಂತ್ಲೇ ಹಾಕ್ದೆ."

"ಅವ್ವ..." ಎಂದ ಅಪ್ಪ.

"ಸುಮ್ಕಿರ್ಲಾ. ಇವತ್ತೇಳ್ತಾರೆ ನಾಳೆ ಹೇಳ್ತಾರೆ ಅಂತ ಕಾದೆ. ಹೆಂಗೈತೆ ಹೆಂಗೈತೆ ಅಂತ ದಿನಾ ಕೇಳ್ದೆ. ಹಿಡಿ ಹಾಕಿದ್ರೂ ಚೆನ್ನಾಗೈತೆ, ಬೊಗಸೆ ಹಾಕಿದ್ರೂ ಚೆನ್ನಾಗೈತೆ. ಸತ್ತೋರ ಮುಂದೆ ಎಡೆ ಇಕ್ಕಿ ಕೈ ಮುಗಿದಂಗೆ ಮಾಡ್ಬುಟ್ರಲ್ಲೋ ನನ್ನ. ಬದುಕಿರೋಳ ಜೊತೆ ಒಂದು ಜಗಳಾನಾದ್ರೂ ಆಡ್ತಾರೆ."

"ನೀನೇ ಒಂದು ಮಾತು ಹೇಳ್ಬೋದಿತ್ತಲ್ಲವ್ವ."

"ಹೇಳಿದ್ರೆ ಮರಿಗೆ ನಾನೇ ಕೈಯಾರೆ ಬುಡ್ಬೇಕಲ್ಲೋ. ನೀವು ಕಿತ್ಕೊಂಡಿದ್ರೆ ನಿಮ್ಮನ್ನ ಬೈಕೊಂಡಾದ್ರೂ ಇರ್ತಿದ್ದೆ."

ಅಷ್ಟು ಹೇಳಿ ಅವಳು ಎಲೆಯಲ್ಲಿದ್ದದ್ದನ್ನು ಒಂದು ಚೂರೂ ಬಿಡದೆ ತಿಂದಳು. ಅವಳಿಗೇನು, ಉಪ್ಪೇ ಗೊತ್ತಾಗುತ್ತಿರಲಿಲ್ಲ. ಎಲೆನಾಳಿಗೆ ಈ ವೇಗದ ಮಾತು ಅರ್ಥವಾಗಿರಲಿಲ್ಲ. ನನ್ನ ಕಡೆ ಬಾಗಿ "ಅಜ್ಜಿಯವರು ಏನು ಹೇಳುತ್ತಿದ್ದಾರೆ? ನಾನು ತಪ್ಪು ಮಾಡಿದೆನೇ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಒಂದು ವರ್ಷ ಅಜ್ಜಿಯನ್ನು ಮನಸ್ಸಿನಲ್ಲೇ ಶಪಿಸಿಕೊಂಡು ಬಂದಿದ್ದ ನನಗೆ, ಶಪಿಸಬೇಕಾದದ್ದು ಯಾರನ್ನು ಎಂಬುದೇ ತಿಳಿಯದೆ ಹೋಯಿತು. ನಾಚಿಕೆಯಾಯಿತು. ಅದರ ಹಿಂದೆಯೇ ಅಜ್ಜಿಯ ಮೇಲೂ ಸಿಟ್ಟು ಬಂತು. ಮುದುಕಿ ಬೇಕೆಂದೇ ನಮಗೆ ಉಪ್ಪು ತಿನ್ನಿಸಿದ್ದಳಲ್ಲ!

ಮಾರನೆಯ ದಿನ ಸಾರು ಕುದಿ ಬಂದಾಗ ಅಜ್ಜಿ ಅಡಿಗೆಮನೆಗೆ ಬರಲಿಲ್ಲ. ಅಮ್ಮ ಎರಡು ಸಲ ಬಾಗಿಲ ತನಕ ಹೋಗಿ ಬಂದಳು. ಜಗಲಿಯಿಂದ ಕೂಗು ಬಂತು. "ಗೌರೀ, ಹಾಕೇ. ನನ್ನೇನು ನೋಡ್ತೀಯ?" ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಮರಿಗೆಯ ಮುಚ್ಚಳ ತೆಗೆದಳು. ನಾನು ಕದದ ಮರೆಯಿಂದ ನೋಡುತ್ತಿದ್ದೆ. ಅಷ್ಟು ವರ್ಷ ಅಡಿಗೆ ಮಾಡಿದವಳಿಗೆ ಉಪ್ಪಿನ ಅಳತೆಯೇ ಗೊತ್ತಿರಲಿಲ್ಲ. ಏಳೆಂಟು ಹರಳು ತೆಗೆದಳು, ಅದರಲ್ಲೂ ಎರಡನ್ನು ವಾಪಸು ಹಾಕಿದಳು, ಉಳಿದದ್ದನ್ನು ಸಾರಿಗೆ ಬಿಟ್ಟು ಗೋಡೆಗೆ ಒರಗಿ ನಿಂತಳು. ಊಟಕ್ಕೆ ಕೂತೆವು. ಸೊಪ್ಪಿನ ಸಾರು ಕಾದ ನೀರಿನ ಹಾಗಿತ್ತು. ಅಜ್ಜಿ ಎಲ್ಲರ ಮುಖ ನೋಡಿದಳು.

"ಹೆಂಗೈತೆ?"

"ಚೆನ್ನಾಗೈತವ್ವ," ಎಂದ ಅಪ್ಪ. ಅಂಥ ಮನುಷ್ಯನಿಗೆ ಏನು ಹೇಳುವುದು?

ಅಜ್ಜಿ ನನ್ನ ಕಡೆ ತಿರುಗಿದಳು. ಅವಳ ಹಿಂದೆ ಅಮ್ಮ ಸೌಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು, ಮುಖದಲ್ಲಿ ಆಸೆ, ಹೆದರಿಕೆ, ಎಲ್ಲವೂ. ಅವಳ ಮೊದಲ ಉಪ್ಪು. ಎರಡೆರಡು ಸಲ ಹಾಕಿಸಿಕೊಂಡು ಉಂಡ ನೆಂಟರು ಅವಳಿಗಿರಲಿಲ್ಲ, ಇದ್ದವಳು ನಾನೊಬ್ಬಳು.

"ಉಪ್ಪೇ ಇಲ್ಲ," ಎಂದೆ.

ಅಮ್ಮನ ಕಣ್ಣು ತುಂಬಿದ್ದು ಕಾಣಿಸಿತು. ಆ ವಾರವೆಲ್ಲ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇವತ್ತಿಗೂ ಆ ಮಾತು ನೆನಪಾದರೆ ನನಗೆ ಇರಿಸುಮುರಿಸು. ಆದರೆ ಮಾರನೆಯ ದಿನ ಐದಾರು ಹರಳು ಹೆಚ್ಚು ಬಿತ್ತು, ಅದರ ಮಾರನೆಯ ದಿನ ಇನ್ನಷ್ಟು, ತಿಂಗಳು ಕಳೆಯುವಷ್ಟರಲ್ಲಿ ಅಮ್ಮನ ಕೈ ಕೂತಿತು. ಅಜ್ಜಿ ಅಂದಿನಿಂದ ಊಟಕ್ಕೆ ತನ್ನ ಜಾಗ ಬದಲಿಸಿ ನನ್ನ ಪಕ್ಕಕ್ಕೆ ಬಂದು ಕೂತಳು. ಮೊದಲ ತುತ್ತು ನನ್ನ ಬಾಯಿಗೆ ಹೋಗುವ ತನಕ ಎಲೆಗೆ ಕೈ ಹಾಕದೆ ಕಾಯುತ್ತಿದ್ದಳು. ಆಮೇಲೆ ಮೊಣಕೈಯಿಂದ ತಿವಿದು, "ಇವತ್ತೇನು ರುಚಿ, ಹೇಳೇ" ಎನ್ನುತ್ತಿದ್ದಳು. ಹುಳಿ ಮುಂದಾಗಿದೆ, ಖಾರ ಸಾಲದು, ಬೆಳ್ಳುಳ್ಳಿ ಸೀದಿದೆ, ಇವತ್ತು ಮಾತ್ರ ನಿಜವಾಗಿ ಚೆನ್ನಾಗಿದೆ, ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ನಾನು ಹೇಳುವುದನ್ನು ಕೇಳಿಸಿಕೊಂಡು ಅವಳು ಉಣ್ಣುತ್ತಿದ್ದಳು.